ಅಕ್ಕನ ಯಂತ್ರಕ್ಕಾಗಿ ತುಳಿದವಳು

ಅಂಚೆ ಹಂಚುವ ಹುಡುಗಿಗೆ ಸೈಕಲ್ಲು ಹೊಸದಲ್ಲ. ಬೆಳಗಾದರೆ ಕಾಗದದ ಚೀಲ ನೇತುಹಾಕಿಕೊಂಡು, ನಾಯಿಗಳಿಂದ ಕಾಲು ತಪ್ಪಿಸಿಕೊಳ್ಳುತ್ತ ಊರೆಲ್ಲ ಸುತ್ತುವವಳು. "ಇವಳು ಹುಟ್ಟಿದ್ದೇ ಪೆಡಲ್ ಮೇಲೆ" ಎಂದು ಅಕ್ಕ ನಗುತ್ತಿದ್ದಳು. ಈಗ ಆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು.

ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ಇದ್ದದ್ದು ಒಂದೇ, ಅದೂ ಆಗಾಗ ಮುಷ್ಕರ ಹೂಡುತ್ತಿತ್ತು. ಅಂಥ ದಿನ ರೋಗಿಗಳು ಊದಿದ ಮುಖ ಹೊತ್ತು ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಇನ್ನೊಂದು ಯಂತ್ರಕ್ಕೆ ದಾನ ಕೂಡಿಸಲು, ಬೆಟ್ಟ ದಾಟಿ ಸಮುದ್ರದ ದಂಡೆಯವರೆಗೆ ಎರಡು ದಿನ ತುಳಿಯುತ್ತೇನೆಂದು ಅವಳು ಹೊರಟಳು. ದೊಡ್ಡ ಪಾಲು ಕೊಡಬೇಕಿದ್ದ ಗಿರಣಿ ಮಾಲೀಕ ಖಡಾಖಂಡಿತವಾಗಿ ಹೇಳಿದ್ದ: "ಪೂರ್ತಿ ಮುಗಿಸಿದ್ರೆ ಕೊಡ್ತೀನಿ. ಅರ್ಧಕ್ಕೆ ಬಿಟ್ಟರೆ ನನ್ನ ಹತ್ರ ಬರಬೇಡ."

ಮೊದಲ ದಿನ ಹೂವೆತ್ತಿದಂತೆ ಕಳೆಯಿತು. ಎರಡನೆಯ ದಿನ ಎದುರುಗಾಳಿ. ಬಲ ಮಂಡಿ ಊದಿ ಬೆಂಕಿ ಇಟ್ಟಂತಾಯಿತು. ಹಿಂದೆ ವ್ಯಾನಿನಲ್ಲಿ ಬರುತ್ತಿದ್ದ ಭಾವ ಫೋನ್ ಬಂದಾಗಲೆಲ್ಲ ಮುಖ ತಿರುಗಿಸಿ ಮಾತಾಡುತ್ತಿದ್ದರು. ಬೆಟ್ಟದ ಬುಡದಲ್ಲಿ ನೀರಿಗೆ ನಿಂತಾಗ ಅವಳು ಕೇಳಿಯೇ ಬಿಟ್ಟಳು.

"ಯಾರದು ಭಾವ ಫೋನು?"

"ಯಾರದೂ ಅಲ್ಲ. ನೀರು ಕುಡಿ."

"ನನ್ನ ಮುಖ ನೋಡಿ ಹೇಳಿ."

ಅವರು ಫೋನನ್ನು ಜೇಬಿಗಿಟ್ಟರು. "ಮೆಷಿನ್ ಮತ್ತೆ ಕೆಟ್ಟಿದೆ. ಅವಳಿಗೆ ಉಸಿರಾಡೋಕೆ ಆಗ್ತಿಲ್ವಂತೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೊರಟಿದ್ದಾರೆ. ಅಮ್ಮ ಜೊತೆಗಿದ್ದಾರೆ."

ಸೈಕಲ್ಲನ್ನು ವ್ಯಾನಿಗೆ ಹಾಕಲೆಂದು ಎತ್ತಿದವಳು ಹಾಗೇ ನಿಂತಳು. ಆಮೇಲೆ ಇಳಿಸಿದಳು.

"ನೀವು ಹೋಗಿ ಭಾವ. ನಾನು ಬಂದ್ರೂ ಅವಳ ಕೈ ಹಿಡ್ಕೊಂಡು ಕೂರಬಹುದು ಅಷ್ಟೇ. ಅದನ್ನ ನೀವೂ ಮಾಡಬಹುದು. ಇದನ್ನ ತುಳಿದು ಮುಗಿಸೋದು ನಿಮ್ಮ ಕೈಲಿ ಆಗಲ್ಲ."

ವ್ಯಾನು ತಿರುಗಿತು. ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಅಕ್ಕ ಇದ್ದಾಳೋ ಇಲ್ಲವೋ ತಿಳಿಯದೆ ತುಳಿದಳು. ಕಾಲು ಸೋತಾಗ ಇಳಿದು ತಳ್ಳಿದಳು. ಒಂದು ತಿರುವಿನಲ್ಲಿ ಬಿದ್ದು ಮೊಣಕೈ ತರಚಿಕೊಂಡು ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು. ಲಾರಿ ನಿಲ್ಲಿಸಿದ ಡ್ರೈವರ್ ಒಬ್ಬ, "ಹತ್ತಮ್ಮ, ಯಾರಿಗೂ ಗೊತ್ತಾಗಲ್ಲ" ಎಂದ. ಅವಳ ಕೈ ಲಾರಿಯ ಬಾಗಿಲ ಹಿಡಿಯವರೆಗೂ ಹೋಗಿತ್ತು. "ಬೇಡಣ್ಣ" ಎಂದು ಹೇಗೆ ಅಂದಳೋ ಅವಳಿಗೇ ಗೊತ್ತಿಲ್ಲ.

ದಂಡೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಸ್ವಾಗತಿಸಲು ಬಂದಿದ್ದವರೆಲ್ಲ ಕಾದು ಕಾದು ಮನೆ ಸೇರಿದ್ದರು. ಗಿರಣಿಯ ಗುಮಾಸ್ತನೊಬ್ಬನೇ ಉಳಿದಿದ್ದ. ಅವನ ಅಭಿನಂದನೆ ಅವಳ ಕಿವಿಗೆ ಬೀಳಲಿಲ್ಲ. ಫೋನ್ ಮಾಡಿದಳು. ಭಾವ ಎತ್ತಿದರು. ಅಕ್ಕ ದಾರಿಯಲ್ಲೇ, ಭಾವ ತಲುಪುವ ಮುಂಚೆಯೇ ಹೋಗಿಬಿಟ್ಟಿದ್ದಳು.

"ಕೊನೇವರೆಗೂ ನಿನ್ನನ್ನೇ ಕೇಳ್ತಿದ್ಲು" ಎಂದರು ಅಮ್ಮ, ಅವಳು ಮನೆ ಸೇರಿದಾಗ. ಬಹಳ ದಿನ ಮಗಳ ಜೊತೆ ಬೇರೆ ಮಾತಾಡಲಿಲ್ಲ.

ಗಿರಣಿಯವನು ಮಾತು ಉಳಿಸಿಕೊಂಡ, ಯಂತ್ರ ಬಂತು. ಆಸ್ಪತ್ರೆಯ ಅಂಚೆಯನ್ನು ಅವಳೇ ಕೊಡಬೇಕು. ಕೌಂಟರಿನಲ್ಲಿಟ್ಟು, ಯಂತ್ರವಿಟ್ಟ ಕೋಣೆಯ ಕಡೆ ನೋಡದೆ ಹೊರಟುಬಿಡುತ್ತಾಳೆ. ಒಮ್ಮೆ ಮಾತ್ರ ಅಮ್ಮನೇ ಜೊತೆಗೆ ಬಂದರು. ಇಬ್ಬರೂ ಬಾಗಿಲಲ್ಲಿ ನಿಂತು, ಯಾರದೋ ಮನೆಯ ಹೆಂಗಸು ಯಂತ್ರದ ಪಕ್ಕದಲ್ಲಿ ನಿದ್ದೆ ಹೋಗಿದ್ದನ್ನು ನೋಡಿದರು. ಅಮ್ಮ ಮಗಳ ಮೊಣಕೈ ಹಿಡಿದುಕೊಂಡರು.