ಕೆಂಗಲ್ಲಹಟ್ಟಿಯಲ್ಲಿ ಓಗೊಟ್ಟವರು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಬಾಯಿ ತೆರೆದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, 'ರಾತ್ರಿ ಏನು ಊಟ ಮಾಡಿದ್ದಿರಿ?' ಎಂದು. ಬೇಗೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ರವಿಕೆ ಅಳತೆ ಕೊಡಲು ಬರುವ ಹೆಂಗಸರು ಹೇಳದ ಕತೆಯಿಲ್ಲ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆನೆಂದವಳಿಗೆ 'ಅದಕ್ಕೆ ಫಾಲ್ ಹಾಕಿಸಿತ್ತೇನಮ್ಮ?' ಎಂದು ಕೇಳಿ ಬೈಸಿಕೊಂಡವಳು ನಾನು. ಅಂಥ ನನ್ನ ಬಾಯಿಯೂ ಒಂದು ಬೆಳಿಗ್ಗೆ ಕಟ್ಟಿಹೋಯಿತು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ, ನಾನೇ ಇನ್ನೂ ಪೂರ್ತಿ ನಂಬಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು. ನಮ್ಮಿಬ್ಬರಿಗೂ ಜಗಳವಾಡದಿದ್ದರೆ ತಿಂದದ್ದು ಅರಗುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದು ಅವರು, ಎಲೆಅಡಿಕೆ ಉಗುಳಿ ಗೋಡೆ ಹಾಳುಮಾಡಿದಿರಿ ಎಂದು ನಾನು. ಆದರೆ ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವರು ಅವರು. ಮಗು ಅತ್ತರೆ ನನಗಿಂತ ಮುಂಚೆ ಎದ್ದು, 'ನೀ ಮಲಿಕಮ್ಮಿ' ಎನ್ನುತ್ತಿದ್ದರು. ಅದನ್ನು ನಾನು ಮರೆತರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಅತ್ತೆಯ ತವರು ಕೆಂಗಲ್ಲಹಟ್ಟಿ. ಪುಣಜನೂರಿನ ಆಚೆ ಕಾಡೊಳಗೆ ಇದ್ದ ಸಣ್ಣ ಹಟ್ಟಿ ಅದು. ಅವರು ಬೇಗೂರಿಗೆ ಸೊಸೆಯಾಗಿ ಬಂದ ಎಷ್ಟೋ ವರ್ಷದ ಮೇಲೆ ಅಲ್ಲಿಯವರೆಲ್ಲ ರಸ್ತೆ ಬದಿಗೆ ಬಂದು ಮನೆ ಕಟ್ಟಿಕೊಂಡರು. ಹಟ್ಟಿ ಬಯಲಾಯಿತು. ಆಮೇಲೆ ಅತ್ತೆ ಆ ಕಡೆ ಹೋಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಗಂಡ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಮಳೆ ಕೊರೆದು ಕೊರೆದು ಗೋಡೆಗಳಂತೆ, ಗೋಪುರಗಳಂತೆ ನಿಂತ ಕೆಂಪುಮಣ್ಣಿನ ಕೊರಕಲುಗಳು. ಅಲ್ಲಿ ಚಾರಣ ಮಾಡಬಹುದಂತೆ, ರಾತ್ರಿ ಟೆಂಟಿನಲ್ಲಿ ಉಳಿಯಬಹುದಂತೆ, ಬುಕಿಂಗ್ ಎಲ್ಲ ಆನ್‌ಲೈನ್. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದವರು ಮೊಬೈಲ್ ವಾಪಸ್ಸೇ ಕೊಡಲಿಲ್ಲ.

"ಅಯ್ಯೋ, ಇದು ನಮ್ಮಟ್ಟಿ ಕೊರಕಲು ಕಣಮ್ಮಿ! ಇಲ್ಲಿ ನಾವು ಜಾರೋ ಆಟ ಆಡ್ತಿದ್ದೋ. ಇದ ನೋಡಕ್ಕೆ ಜನ ದುಡ್ಡು ಕೊಟ್ಟು ಬತ್ತಾರಾ?" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ದನಿ ಸಣ್ಣದು ಮಾಡಿ, "ನಾವೂ ಓಗನ. ನಮ್ಮವ್ವನ ಒರಳುಕಲ್ಲು ಅಲ್ಲೇ ಉಳ್ಕಂಡದೆ" ಎಂದರು.

ವಿಷಯ ಇಷ್ಟೇ. ಮನೆ ಬಿಟ್ಟು ಹೋಗುವವರು ಒಲೆಗೂ ಒರಳಿಗೂ ಅರಿಸಿನ ಕುಂಕುಮ ಇಟ್ಟು, 'ಹೋಗಿಬರುತ್ತೇವೆ' ಎಂದು ಹೇಳಿ ಹೋಗಬೇಕೆಂಬುದು ಅವರ ಕಡೆಯ ಪದ್ಧತಿ. ಅವರ ಅವ್ವ ಆ ಮನೆಯಲ್ಲೇ ಕಣ್ಣುಮುಚ್ಚಿದ್ದರು. ನೆಲದಲ್ಲಿ ಹೂತಿದ್ದ ಒರಳನ್ನು ಕೀಳಲಾಗದೆ ಹಾಗೇ ಬಿಟ್ಟು, ಗಂಡಸರು ಗಡಿಬಿಡಿಯಲ್ಲಿ ಸಾಮಾನು ಸಾಗಿಸಿದ್ದರು. ಯಾರೂ ಅರಿಸಿನ ಇಟ್ಟಿರಲಿಲ್ಲ, ಯಾರೂ ಹೇಳಿ ಬಂದಿರಲಿಲ್ಲ. ಅತ್ತೆಯ ಎದೆಯಲ್ಲಿ ಅದು ಅಷ್ಟು ವರ್ಷ ಮುಳ್ಳಾಗಿ ಕೂತಿತ್ತು.

ಹೋದೆವು. ಆದರೆ ಅಲ್ಲಿ ಕಾಡು ಕಾಯುವ ವಾಚರ್ ಅತ್ತೆಯನ್ನು ನೋಡಿದ ಕೂಡಲೇ ತಲೆಯಾಡಿಸಿದ. ವಯಸ್ಸಾದವರನ್ನು ಕೊರಕಲಿನ ಕಡೆ ಬಿಡುವಂತಿಲ್ಲ, ಅಂಚು ಕುಸಿಯುತ್ತದೆ, ಮೇಲಾಗಿ ಆನೆ ಓಡಾಡುತ್ತಿವೆ, ಅಜ್ಜಿ ಬೇಕಾದರೆ ಅಟ್ಟಣೆ ಮೇಲೆ ಕೂತು ನೋಡಲಿ ಎಂದ. ಅತ್ತೆ ಅಟ್ಟಣೆಯಿಂದ ಒಂದು ಒಂಟಿ ಆಲದಮರ ತೋರಿಸಿ, "ಅದರ ಪಕ್ಕದಲ್ಲೇ ನಮ್ಮನೆ" ಎಂದರು. ಮಧ್ಯೆ ಇದ್ದದ್ದು ಬರೀ ಲಂಟಾನ ಪೊದೆ, ಕೆಂಪು ಮಣ್ಣು. ಇಳಿಬಿಸಿಲಿಗೆ ಕೊರಕಲೆಲ್ಲ ಕೆಂಡದ ಬಣ್ಣಕ್ಕೆ ತಿರುಗಿತ್ತು. ಅಷ್ಟು ಚೆಂದದ ಜಾಗ ನಮ್ಮ ಜಿಲ್ಲೆಯಲ್ಲೇ ಇದ್ದೂ ಇಷ್ಟು ವರ್ಷ ನೋಡಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅತ್ತೆ ಮಾತ್ರ ಮರವೊಂದನ್ನೇ ನೋಡುತ್ತಿದ್ದರು.

ಸಂಜೆ ಟೆಂಟಿನ ಮುಂದೆ ಅವರ ಬೇಸರ ಸ್ವಲ್ಪ ಇಳಿಯಿತು. ಹಟ್ಟಿಯ ಕತೆ ಶುರುಮಾಡಿದರು. ಕಾಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಬಾರದಂತೆ. ಪ್ರತಿ ಮನೆಗೂ ಅದರದೇ ಒಂದು ಕೂಗು ಇತ್ತಂತೆ. ಇವರ ಮನೆಯದು ಒಂದು ಉದ್ದ, ಎರಡು ಗಿಡ್ಡ: "ಕೂ…… ಕು, ಕು." ನನಗೂ ಕಲಿಸಿದರು. ನನ್ನ ಕೂಗು ಕೇಳಿ, "ಬಸ್ಸು ನಿಲ್ಸಕ್ಕೆ ಕೂಗ್ತಿದ್ದೀಯೇನಮ್ಮಿ?" ಎಂದು ಹಂಗಿಸಿದರು. ಆಮೇಲೆ ಪಕ್ಕದ ಟೆಂಟಿನ ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆಂದು ಉಬ್ಬಿ, ಥಂಡಿ ಗಾಳಿಯಲ್ಲಿ ಒಂದಾದಮೇಲೊಂದು ಸೋಬಾನೆ ಪದ ಹಾಡಿದರು. ಬೇಡ ಎಂದರೆ ಕೇಳುವ ಪೈಕಿಯೇ ಅವರು?

ಬೆಳಿಗ್ಗೆ ಎದ್ದಾಗ ಅತ್ತೆಯ ಗಂಟಲು ಪೂರ್ತಿ ಕಟ್ಟಿತ್ತು. ಮಾತಾಡಿದರೆ ಬರೀ ಗಾಳಿ ಬರುತ್ತಿತ್ತು. "ಹಾಡಿ, ಇನ್ನೂ ಹಾಡಿ" ಎಂದು ಗೊಣಗುತ್ತ ಫ್ಲಾಸ್ಕಿನ ಬಿಸಿನೀರು ಕೊಟ್ಟು ನಾನು ಮುಖ ತೊಳೆಯಲು ಹೋದೆ. ನನ್ನ ಗಂಡ ವಾಚರ್ ಜೊತೆ ಟೀ ಕಾಯಿಸುತ್ತಿದ್ದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಮ್ಮ ಟೆಂಟಿನಿಂದ ಪಕ್ಕದ ಟೆಂಟು ಕಾಣುತ್ತಿರಲಿಲ್ಲ. ವಾಪಸ್ಸು ಬಂದು ನೋಡಿದರೆ ಅತ್ತೆ ಇಲ್ಲ. ಅವರ ಚೀಲ ಬಾಯಿ ತೆರೆದು ಬಿದ್ದಿತ್ತು, ಅದರೊಳಗಿದ್ದ ಅರಿಸಿನ ಕುಂಕುಮದ ಪೊಟ್ಟಣ ಇರಲಿಲ್ಲ.

ಗಂಡನನ್ನು ಕೂಗಿ ಹೇಳಿದವಳೇ ಆಲದಮರ ಇದ್ದ ದಿಕ್ಕು ಹಿಡಿದು ಓಡಿದೆ. ಸ್ವಲ್ಪ ದೂರಕ್ಕೇ ದಿಕ್ಕು ತಪ್ಪಿತು. ಎಲ್ಲಿ ನೋಡಿದರೂ ಬಿಳಿ. "ಅತ್ತೆಮ್ಮಾ, ಅತ್ತೆಮ್ಮಾ" ಎಂದು ಅರಚಿದೆ. ಏನೂ ಇಲ್ಲ. ಕೊರಕಲ ಅಂಚು ನೆನಪಾಯಿತು, ಆನೆ ನೆನಪಾಯಿತು. ಶಿವನೇ, ಈ ಮುದುಕಿಯನ್ನು ನನಗೆ ಉಳಿಸಿಕೊಡಪ್ಪ, ಇನ್ನು ಉಪ್ಪಿನ ವಿಷಯಕ್ಕೆ ಜಗಳ ಆಡಲ್ಲ ಎಂದು ಬೇಡಿಕೊಂಡೆ. ಅಳು ನುಗ್ಗಿ ಬಂತು. ಆಗ ಏನು ತೋಚಿತೋ, ಹಿಂದಿನ ಸಂಜೆ ಕಲಿತ ಕೂಗು ಹಾಕಿದೆ.

"ಕೂ…… ಕು, ಕು."

ತಕ್ಷಣ ಎಡಗಡೆಯಿಂದ ಉತ್ತರ ಬಂತು. "ಓ…" ಎಂದು ತಗ್ಗಿನ ದನಿ, ಒಂದು ಕ್ಷಣ ನಿಂತು, ಆಮೇಲೆ ಮೇಲಕ್ಕೆ ಏರಿದ "ಓಯ್". ಹೆಂಗಸಿನ ದನಿ. ಊಟಕ್ಕೆ ಹೊತ್ತಾಯಿತು, ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಗದರುವ ಹಾಗಿತ್ತು. ನನಗೆ ಹೋದ ಜೀವ ಬಂತು. ಮತ್ತೆ ಕೂಗಿದೆ, ಮತ್ತೆ ಅದೇ ಉತ್ತರ. ಪೊದೆ ತಪ್ಪಿಸಲು ದಾರಿ ಬಿಟ್ಟಾಗಲೆಲ್ಲ ಕೂಗುತ್ತಿದ್ದೆ, ಅದು ಓಗೊಡುತ್ತಿತ್ತು. ಹಾಗೇ ಆಲದಮರದ ಬುಡಕ್ಕೆ ಬಂದು ಮುಟ್ಟಿದೆ.

ಅತ್ತೆ ನೆಲದ ಮೇಲೆ ಕೂತಿದ್ದರು. ಅವರ ಮುಂದೆ ಅರ್ಧ ಮಣ್ಣು ಮುಚ್ಚಿದ ಒರಳು. ಅದಕ್ಕೆ ಅರಿಸಿನ ಬಳಿದು, ಕುಂಕುಮ ಇಟ್ಟು, ಯಾವುದೋ ಕಾಡುಹೂ ಏರಿಸಿದ್ದರು. ಒರಳಿನ ಆಚೆ ನೆಲವೇ ಇರಲಿಲ್ಲ. ಕೊರಕಲು ಮನೆಯ ಜಾಗವನ್ನೆಲ್ಲ ತಿಂದು ಒರಳಿನವರೆಗೆ ಬಂದು ನಿಂತಿತ್ತು.

ತಬ್ಬಿಕೊಂಡು ಅತ್ತುಬಿಟ್ಟೆ, ಬೈದೆ, ಮತ್ತೆ ಅಳತೊಡಗಿದೆ. ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು. "ಒರಳು ಉಡುಕ್ತಾ ಮುಂದ್ಕೆ ಓಯ್ತಿದ್ದೆ ಕಣಮ್ಮಿ. ನೀ ಕೂಗಿದ್ದು ಕೇಳ್ತು, ನಿಂತ್ಕಬುಟ್ಟೆ. ಬಗ್ಗಿ ನೋಡ್ತೀನಿ, ಕಾಲ್ತಾವೇ ಒರಳು."

"ಅಷ್ಟು ಜೋರಾಗಿ ಓಗೊಡೋಕೆ ಎಲ್ಲಿತ್ತು ಗಂಟಲು?" ಎಂದೆ.

ಅವರು ನನ್ನ ಮುಖ ನೋಡಿದರು. "ನಾನೆಲ್ಲಿ ಓಗೊಟ್ಟೆ? ಉಸಿರೇ ಬತ್ತಿಲ್ಲ."

ಆ ದಿನ ಅಷ್ಟಕ್ಕೇ ಬಿಟ್ಟೆ. ಗಂಡನನ್ನು ಕೇಳಿದರೆ, ನನ್ನ ಕೂಗು ಕೇಳಿಸಿತು, ಬೇರೆ ಏನೂ ಕೇಳಿಸಲಿಲ್ಲ ಎಂದರು. ಕೊರಕಲಿನಲ್ಲಿ ದನಿ ತಿರುಗಿ ಬರುತ್ತದೆ ಎಂದ ವಾಚರ್. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬೇಗೂರಿಗೆ ಬಂದೆ. ಆದರೆ ಹೊಲಿಗೆ ಮಿಷನ್ ಮುಂದೆ ಕೂತಾಗಲೆಲ್ಲ ಒಂದು ಮಾತು ಕೊರೆಯುತ್ತಿತ್ತು. ತಿರುಗಿ ಬರುವ ದನಿ ನಾವು ಕೂಗಿದ್ದನ್ನೇ ಕೂಗಬೇಕಲ್ಲ? ನಾನು ಕೂಗಿದ್ದು ಒಂದು, ನನಗೆ ಬಂದದ್ದು ಇನ್ನೊಂದು.

ಅತ್ತೆಯ ಗಂಟಲು ಸರಿಹೋದ ಮೇಲೆ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಏನೂ ತಿಳಿಯದವಳ ಹಾಗೆ ಕೇಳಿದೆ. "ಅತ್ತೆಮ್ಮ, ನಿಮ್ಮನೆ ಕೂಗಿಗೆ ಓಗೊಡೋದು ಹೇಗೆ? ಅದೇ ಕೂಗನ್ನ ತಿರುಗಿ ಕೂಗೋದಾ?"

"ಇಲ್ಲ ಕಣಮ್ಮಿ, ಅದೇ ಬ್ಯಾರೆ. ನಿಂಗೆ ಕಲಿಸ್ನಿಲ್ಲ ಅಲ್ವಾ?" ಎಂದವರು ಕಾಯಿ ಕೆಳಗಿಟ್ಟು, ಕತ್ತು ಎತ್ತಿ ಕೂಗಿದರು. ತಗ್ಗಿನ "ಓ…", ಒಂದು ಕ್ಷಣ ಮೌನ, ಮೇಲೇರಿದ "ಓಯ್". ಗದರಿಕೆ ಕೂಡ ಅದೇ.

ನನ್ನ ಮಡಿಲ ಕಾಯೆಲ್ಲ ನೆಲಕ್ಕೆ ಚೆಲ್ಲಿತು. ಹೇಗೋ ಸಾವರಿಸಿಕೊಂಡು, "ಹಾಗಾದರೆ ಆವತ್ತು ಕಾಡಲ್ಲಿ ಗಂಟಲು ಇದ್ದಿದ್ದರೆ ನನಗೆ ಹೀಗೇ ಓಗೊಡ್ತಿದ್ದಿರಾ?" ಎಂದೆ.

"ಕೊಡಂಗಿಲ್ಲ ಕಣಮ್ಮಿ" ಎಂದರು ಅತ್ತೆ, ಚೆಲ್ಲಿದ ಕಾಯಿ ಆರಿಸುತ್ತ. "ಕೂಗೋದು ಕಾಡಿಗೆ ಓದೋರು. ಓಗೊಡೋದು ಮನೇಲಿರೋರು."