ಕಾಲೇಜು ಉರುಕುಂದಪ್ಪನ ನಾಲ್ಕನೆಯ ಪರೀಕ್ಷೆ

ಆದೋನಿಯ ಹತ್ತಿ ಬಜಾರಿನಲ್ಲಿ ಆಗ ನಾಲ್ಕು ಜನ ಉರುಕುಂದಪ್ಪಂದಿರಿದ್ದರು. ಎಣ್ಣೆ ಉರುಕುಂದಪ್ಪ, ಕುಂಟ ಉರುಕುಂದಪ್ಪ, ಎರಡು ಹೆಂಡಿರ ಉರುಕುಂದಪ್ಪ, ಮತ್ತೆ ಕಾಲೇಜು ಉರುಕುಂದಪ್ಪ. ಮೊದಲನೆಯವನು ಎಣ್ಣೆ ಮಾರುತ್ತಿದ್ದ, ಎರಡನೆಯವನು ಕುಂಟುತ್ತಿದ್ದ, ಮೂರನೆಯವನ ಮನೆಯ ಜಗಳ ಎರಡು ಓಣಿಗೆ ಕೇಳುತ್ತಿತ್ತು. ಹೆಸರಿಗೂ ಆಸಾಮಿಗೂ ತಾಳಮೇಳವಿಲ್ಲದವನು ಈ ನಾಲ್ಕನೆಯವನೊಬ್ಬನೇ. ಕಾಲೇಜಿನ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೆ ತೆರೆಯುತ್ತದೋ ಅವನಿಗೆ ಗೊತ್ತಿರಲಿಲ್ಲ.

ಹೆಸರು ಬಂದದ್ದು ಅಪ್ಪನ ಆತುರದಿಂದ. ಅಪ್ಪ ರೇವಣಸಿದ್ದಯ್ಯ ಹತ್ತಿ ದಲಾಲಿ. ಸಾವಿರದ ಒಂಬೈನೂರ ಐವತ್ಮೂರರ ಮಾರ್ಚಿನಲ್ಲಿ ಮಗ ಎಸ್ಸೆಲ್ಸಿಯ ಕೊನೆಯ ಪೇಪರು ಬರೆದು ಮನೆಗೆ ಬಂದರೆ, ಪಡಸಾಲೆಯಲ್ಲಿ ಹೊಸ ಟ್ರಂಕು ಕೂತಿತ್ತು, ಟ್ರಂಕಿನ ಪಕ್ಕ ದರ್ಜಿ ಕೂತಿದ್ದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹುಡುಗನ ಹೆಸರು, ಅದರ ಕೆಳಗೆ ‘ಕಾಲೇಜು, ಬಳ್ಳಾರಿ’. ದರ್ಜಿ ಕರಿ ಕೋಟಿಗೆ ಅಳತೆ ತೆಗೆದ. ಬಜಾರಿಗೆಲ್ಲ ಪೇಡೆ ಹಂಚಿದರು. ಪೇಡೆ ತಿಂದ ಬಜಾರು ಹೆಸರಿಟ್ಟಿತು, ಕಾಲೇಜು ಉರುಕುಂದಪ್ಪ.

ಆ ಕಾಲಕ್ಕೆ ಎಸ್ಸೆಲ್ಸಿ ಬರೆದವರೆಲ್ಲ ಕಾಲೇಜಿಗೆ ಹೋಗುವಂತಿರಲಿಲ್ಲ. ಕಾಲೇಜಿಗೆ ಅರ್ಹರಾದವರ ಪಟ್ಟಿಯೇ ಬೇರೆ ಬರುತ್ತಿತ್ತು. ಆ ಪಟ್ಟಿಗೆ ಏರಲು ಇಂಗ್ಲಿಷಿನಲ್ಲಿ ನಲವತ್ತು ಬೇಕು ಎಂದು ಶಾಲೆಯಲ್ಲಿ ಹೇಳಿದ್ದರು. ಉರುಕುಂದಪ್ಪನಿಗೆ ಬಂದದ್ದು ಇಪ್ಪತ್ತೇಳು.

ಮೊದಲ ಸಲ ಅವನು ಬರೆದಾಗ ಆದೋನಿ ಮದರಾಸು ರಾಜ್ಯದಲ್ಲಿತ್ತು. ಎರಡನೆಯ ಸಲ ಬರೆದಾಗ ಆಂಧ್ರ ರಾಜ್ಯದಲ್ಲಿತ್ತು. ಆಮೇಲೆ ಒಂದು ವರ್ಷ ವಿಷಮಜ್ವರ, ಒಂದು ವರ್ಷ ಅಕ್ಕನ ಮದುವೆ. ಮೂರನೆಯ ಸಲ ಬರೆಯುವಷ್ಟರಲ್ಲಿ ಆಂಧ್ರ ಪ್ರದೇಶವೇ ಆಗಿತ್ತು. ಮೂರು ರಾಜ್ಯಗಳು ಅವನ ಉತ್ತರ ಪತ್ರಿಕೆ ತಿದ್ದಿದವು. ಬೇರೆ ಯಾವ ವಿಷಯದಲ್ಲೂ ಹೊಂದದ ಆ ರಾಜ್ಯಗಳು ಇಪ್ಪತ್ತೇಳು ಎಂಬ ಒಂದು ಮಾತಿಗೆ ಮಾತ್ರ ಒಮ್ಮತಕ್ಕೆ ಬಂದವು. ಇದರ ನಡುವೆ ಬಳ್ಳಾರಿ ಮೈಸೂರಿನ ಪಾಲಾಯಿತು. ಹುಡುಗ ಕಾಲೇಜಿಗೆ ಹೋಗುವ ಮೊದಲು ಕಾಲೇಜೇ ಬೇರೆ ರಾಜ್ಯಕ್ಕೆ ಹೋಗಿ ಕೂತಿತು.

ತಾಯಿ ವೀರಬಸಮ್ಮ ಟ್ರಂಕಿನಲ್ಲಿ ಹುಣಸೆಹಣ್ಣು ತುಂಬಿಟ್ಟಳು. ಕೋಟನ್ನು ಮಾತ್ರ ಪ್ರತಿ ಪರೀಕ್ಷೆಗೂ ಹೊರತೆಗೆದು, ತೋಳಿನ ಮಡಿಕೆ ಬಿಚ್ಚಿ ಒಂದಿಷ್ಟು ಉದ್ದ ಮಾಡುತ್ತಿದ್ದಳು. ಪಕ್ಕದ ಮನೆಯ ಅಂಬಮ್ಮ ನಡುಗೋಡೆಯ ಮೇಲಿಂದ ಇಣುಕಿ ಕೇಳುವಳು:

“ಏನವ್ವಾ ವೀರಬಸಮ್ಮ, ನಿನ್ನ ಮಗಾ ಕಾಲೇಜಿಗೆ ಹೋಕ್ಕಾನೋ, ಇಲ್ಲಾ ಕಾಲೇಜ ನಿಮ್ಮ ಮನಿಗೆ ಬರತೈತೋ?”

“ಬರತೈತಿ ಬಿಡವ್ವಾ. ಬಂದ್ರ ನಿನ್ನ ಮನಿ ಗ್ವಾಡಿ ಕೆಡವಬೇಕಾಕ್ಕೈತಿ, ಜಾಗ ಸಾಲಂಗಿಲ್ಲ.”

ಬಾಯಿಯಲ್ಲಿ ವೀರಬಸಮ್ಮ ಯಾರಿಗೂ ಸೋತವಳಲ್ಲ. ಆದರೆ ಮೂರನೆಯ ಸಲ ತೋಳು ಬಿಚ್ಚುವಾಗ ಮಗನ ಮುಖ ನೋಡದೆ ಹೇಳಿದ್ದಳು, “ಇನ್ನ ಬಿಚ್ಚಾಕ ಬಟ್ಟಿ ಉಳದಿಲ್ಲ ನನ್ನಪ್ಪಾ.”

ಆ ಮೂರನೆಯ ಪರೀಕ್ಷೆಯಲ್ಲಿ ಉರುಕುಂದಪ್ಪನಿಗೆ ನಿಜವಾದ ಏಟು ಬಿದ್ದಿತು. ಅದು ಬಿದ್ದದ್ದು ಇಂಗ್ಲಿಷಿನಿಂದಲ್ಲ, ನರಸಣ್ಣನಿಂದ. ನರಸಣ್ಣ ದೇವನಕೊಂಡದ ಕೂಲಿಯವರ ಮಗ, ಮೊದಲ ಸಲ ಇವನ ಪಕ್ಕದ ಬೆಂಚಿನಲ್ಲೇ ಕೂತು ಬರೆದವನು. ಈಗ ಮಾಸ್ತರಾಗಿ, ಅದೇ ಕೋಣೆಗೆ ಕಾವಲಿಗೆ ಬಂದಿದ್ದ. ಬೆಂಚಿನಿಂದ ಬೆಂಚಿಗೆ ಸುತ್ತುತ್ತ ಬಂದು ಇವನೆದುರು ನಿಂತ. ಇವನು ತಲೆ ಎತ್ತಲಿಲ್ಲ. ‘ಏನಲೇ ಉರುಕುಂದ, ಇನ್ನೂ ಇಲ್ಲೇ ಅದೀಯೇನು’ ಎಂದು ಕೇಳಿದ್ದರೆ ನಕ್ಕುಬಿಡಬಹುದಿತ್ತು. ನರಸಣ್ಣ ಹಾಗೆ ಕೇಳಲಿಲ್ಲ. ಮೆಲ್ಲಗೆ, “ಇನ್ನೊಂದು ಹಾಳಿ ಬೇಕೇನ್ರಿ?” ಎಂದ.

ಆ ‘ರಿ’ ಇವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ನಿಂತಿತು. ಹಾಳೆ ಬೇಡವೆಂದು ತಲೆಯಾಡಿಸಿದ. ಇದ್ದ ಹಾಳೆಯೇ ಅರ್ಧ ಖಾಲಿ ಇತ್ತಲ್ಲ. ಅಂದೇ ತೀರ್ಮಾನಿಸಿದ, ಇನ್ನು ಬರೆಯುವುದಿಲ್ಲ ಎಂದು.

ಆದರೆ ರೇವಣಸಿದ್ದಯ್ಯನ ಮನೆಯಲ್ಲಿ ತೀರ್ಮಾನ ಮಾಡುವ ಹಕ್ಕು ಒಂದೇ ಒಂದು ಕೈಗಿತ್ತು. ಆ ಕೈಯ ಬಗ್ಗೆ ಹೇಳದೆ ಕಥೆ ಮುಂದೆ ಹೋಗುವುದಿಲ್ಲ.

ಹತ್ತಿ ಬಜಾರಿನಲ್ಲಿ ದರವನ್ನು ಬಾಯಿಬಿಟ್ಟು ಹೇಳುವವನು ಹುಂಬ. ಮಾರುವವನ ಕೈ, ಕೊಳ್ಳುವವನ ಕೈ ಎರಡೂ ಒಂದು ಟುವಾಲಿನ ಕೆಳಗೆ ಸೇರಬೇಕು. ಬೆರಳು ಬೆರಳು ಮುಟ್ಟಿ ದರ ಹೇಳಬೇಕು, ಬೇಡವಾದರೆ ಬೆರಳು ಮಡಚಬೇಕು, ಒಪ್ಪಿದರೆ ಇಡೀ ಕೈಯನ್ನು ಬಿಗಿಯಾಗಿ ಹಿಡಿಯಬೇಕು. ಹಿಡಿದರೆ ಮುಗಿಯಿತು, ಶಿವ ಬಂದರೂ ಮಾತು ತಿರುಗುವಂತಿಲ್ಲ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಟುವಾಲಿನ ಒಳಗಿನ ಸುದ್ದಿ ಟುವಾಲಿಗೇ ಗೊತ್ತು. ಈ ವಿದ್ಯೆಯಲ್ಲಿ ರೇವಣಸಿದ್ದಯ್ಯ ಮೂವತ್ತು ವರ್ಷದಿಂದ ಒಂದು ಬೆರಳನ್ನೂ ತಪ್ಪಾಗಿ ಓದಿದವನಲ್ಲ. ಪೆದ್ದಕಡುಬೂರಿನ ರೈತರು ಹತ್ತಿಯ ಬಂಡಿ ಕಟ್ಟಿಕೊಂಡು ಅವನ ಅಂಗಡಿಗೇ ಬರುತ್ತಿದ್ದದ್ದು ಆ ಬೆರಳುಗಳ ಮೇಲಿನ ನಂಬಿಕೆಯಿಂದ.

ಅಂಥವನಿಗೆ ಒಂದು ಯೋಚನೆ ಹೊಳೆಯಿತು. ಹತ್ತಿಗೆ ದರವುಂಟು, ಮಾರ್ಕಿಗೆ ಯಾಕಿರಬಾರದು? ತಾನು ಇಷ್ಟು ದಿನ ಸರಿಯಾದ ಮನುಷ್ಯನ ಕೈ ಹಿಡಿಯಲಿಲ್ಲ, ತಪ್ಪಾದದ್ದು ಅಲ್ಲೇ.

ನಾಲ್ಕನೆಯ ಸಲಕ್ಕೆ ಫೀಸು ಕಟ್ಟುವ ಕೊನೆಯ ದಿನಕ್ಕೆ ಒಂದು ವಾರವಿದ್ದಾಗ ಮಗನನ್ನು ಕರೆದುಕೊಂಡು ಶಾಲೆಯ ಹೆಡ್‌ಮಾಸ್ತರರ ಮನೆಗೆ ಹೋದ. ಹೆಡ್‌ಮಾಸ್ತರರು ಕೃಷ್ಣಾ ತೀರದ ಕಡೆಯ ತೆಲುಗರು, ಹೊಸ ರಾಜ್ಯವಾದ ಮೇಲೆ ವರ್ಗವಾಗಿ ಬಂದವರು. ಅವರಿಗೆ ಹತ್ತಿ ಎಂದರೆ ದೀಪದ ಬತ್ತಿ, ಅಷ್ಟೇ. ಉತ್ತರ ಪತ್ರಿಕೆಗಳು ಎಲ್ಲಿಗೆ ಹೋಗುತ್ತವೆ, ಯಾರು ತಿದ್ದುತ್ತಾರೆ ಎಂಬುದು ಅವರಿಗೂ ತಿಳಿಯದು. ಇದನ್ನು ಉರುಕುಂದಪ್ಪ ದಾರಿಯುದ್ದಕ್ಕೂ ಹೇಳಿದ.

“ನೀ ಬಾಯಿ ಮುಚ್ಚಲೇ. ದೊಡ್ಡೋರು ಕೈಗೆ ಕೈ ಕೊಟ್ಟಾಗ ಎಲ್ಲಾ ತಿಳಿತೈತಿ,” ಎಂದ ರೇವಣಸಿದ್ದಯ್ಯ.

ಜಗಲಿಯ ಮೇಲೆ ಕುಶಲ ಸಮಾಚಾರ ಮುಗಿಯಿತು. ರೇವಣಸಿದ್ದಯ್ಯ ಹೆಗಲ ಮೇಲಿನ ಟುವಾಲು ತೆಗೆದು, ಹೆಡ್‌ಮಾಸ್ತರರ ಬಲಗೈಯ ಮೇಲೆ ಮೆತ್ತಗೆ ಹೊದಿಸಿ, ತನ್ನ ಕೈಯನ್ನು ಒಳಗೆ ತೂರಿಸಿದ. ನಾಲ್ಕು ಬೆರಳು ಹಿಡಿದ. ನಲವತ್ತು ಎಂದರ್ಥ. ಹೆಡ್‌ಮಾಸ್ತರರು ಬೆಚ್ಚಿ, “ಇದೇಮಿಟಂಡೀ?” ಎಂದರು. ರೇವಣಸಿದ್ದಯ್ಯ ಮಾತಾಡಲಿಲ್ಲ. ದರ ಹೇಳುವಾಗ ಮಾತಾಡುವುದು ಅಪಶಕುನ. ಕಣ್ಣು ಅರೆಮುಚ್ಚಿ, ತುಟಿ ಬಿಗಿದು, ಮತ್ತೆ ನಾಲ್ಕು ಬೆರಳು ಒತ್ತಿದ. ಆ ಮುಖ ನೋಡಿ ಹೆಡ್‌ಮಾಸ್ತರರ ಮುಖ ಬಿಳುಪೇರಿತು. ಇನ್ನೊಂದು ಕೈಯನ್ನೂ ಸೇರಿಸಿ, ಗಬಕ್ಕನೆ, ಬಿಡದ ಹಾಗೆ, ಇಡೀ ಕೈ ಹಿಡಿದುಕೊಂಡರು.

ರೇವಣಸಿದ್ದಯ್ಯ ಕಣ್ಣು ತೆರೆದು ನಕ್ಕ. ಟುವಾಲು ಕೊಡವಿ ಹೆಗಲಿಗೇರಿಸಿ, ಕೈಮುಗಿದು, ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಹೆಡ್‌ಮಾಸ್ತರರು ಉರುಕುಂದಪ್ಪನನ್ನು ಹಿಂದಕ್ಕೆ ಕರೆದು ಪಿಸುಗುಟ್ಟಿದರು. “ಒರೇ ಅಬ್ಬಾಯಿ, ಮೀ ನಾನ್ನಗಾರಿಕಿ ಈ ಮೂರ್ಛ ಎನ್ನಾಳ್ಳ ನುಂಚಿ?”

ನಿಮ್ಮಪ್ಪನಿಗೆ ಈ ಮೂರ್ಛೆ ಎಷ್ಟು ದಿನದಿಂದ ಬರುತ್ತದೆ ಎಂದು ಕೇಳಿದ್ದರು. ಬಿದ್ದುಬಿಟ್ಟಾರೆಂದೇ ಕೈ ಹಿಡಿದೆ, ಒಬ್ಬರನ್ನೇ ಪೇಟೆಗೆ ಬಿಡಬೇಡ ಎಂದರು. ಬೀರುವಿನಿಂದ ಗೇಣುದ್ದದ ಹಳೆಯ ಕಬ್ಬಿಣದ ಬೀಗದ ಕೈಯೊಂದನ್ನು ತೆಗೆದುಕೊಟ್ಟು, ಮತ್ತೆ ಬಂದರೆ ಇದನ್ನು ಅಂಗೈಯಲ್ಲಿಡು, ಇಳಿಯುತ್ತದೆ ಎಂದರು. ಪುಣ್ಯಾತ್ಮರು.

ಉರುಕುಂದಪ್ಪ ಬಜಾರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಪ್ಪ ಗಾದಿಯ ಮೇಲೆ ಕಾಲು ಚಾಚಿ ಕೂತು ಹೇಳುತ್ತಿದ್ದ: “ಎರಡ ಮಾತಿಲ್ಲ. ನಲವತ್ತಕ್ಕ ಮುಗಸೀನಿ. ಎರಡೂ ಕೈಲೆ ಹಿಡದ ಮಾರಾಯಾ, ಎರಡೂ ಕೈಲೆ! ಹಂಗ ಹಿಡಿಯೋ ಮನಷ್ಯಾನ ನಾ ಈ ಬಜಾರದಾಗ ಕಂಡಿಲ್ಲ.”

ಒಂದು ವಾರ ಉರುಕುಂದಪ್ಪ ಲೆಕ್ಕ ಹಾಕಿದ. ಪರೀಕ್ಷೆಗೆ ಕೂತರೆ ಮತ್ತೆ ಇಪ್ಪತ್ತೇಳು, ಮತ್ತೆ ನರಸಣ್ಣನ ‘ರಿ’. ಅದಾದ ಮೇಲೆ ಅಪ್ಪ, ಮಾತಿಗೆ ತಪ್ಪಿದನೆಂದು ಹತ್ತು ಜನರನ್ನು ಕಟ್ಟಿಕೊಂಡು ಹೆಡ್‌ಮಾಸ್ತರರ ಜಗಲಿಗೆ ಜಗಳಕ್ಕೆ ಹೋಗುವುದು ಖಾತ್ರಿ. ಕೂರುವುದಿಲ್ಲವೆಂದರೆ ಯಾಕೆ ಎಂದು ಹೇಳಬೇಕು. ಹೇಳಿದರೆ, ಮೂರ್ಛೆಯವನನ್ನು ಹಿಡಿದ ಕೈಯನ್ನು ಒಪ್ಪಿಗೆಯ ಕೈ ಎಂದು ಓದಿದ ದಲಾಲಿಯ ಟುವಾಲಿನ ಕೆಳಗೆ ಇನ್ನು ಯಾವ ರೈತ ಕೈ ಇಡುತ್ತಾನೆ? ಮೂವತ್ತು ವರ್ಷದ ಹೆಸರು ಒಂದು ಹೊತ್ತಿನ ನಗೆಗೆ ಹೋಗುತ್ತದೆ. ಮೂರು ಸಲ ಪರೀಕ್ಷೆ ಬರೆದಿದ್ದನಲ್ಲ, ಇಷ್ಟು ಕಷ್ಟದ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ.

ಫೀಸು ಕಟ್ಟುವ ಕೊನೆಯ ದಿನ ಬಂತು. ತಾಯಿ ಕೋಟು ತೊಡಿಸಿದಳು. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಹಿಂದೆ ನಿಂತಿತು. ಉರುಕುಂದಪ್ಪ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ನಡೆದ. ಅಂಗಡಿ ತುಂಬ ರೈತರು, ಹಮಾಲರು, ಅಪ್ಪನ ಮಾತು ಕೇಳುವ ನೆಂಟರು.

“ಬಂದ ನೋಡ್ರಿ ನಮ್ಮ ಕಾಲೇಜು! ಹೋಗಲೇ ತಮ್ಮಾ, ಫೀಸು ಕಟ್ಟು. ಬರದ್ರ ಬರಿ, ಇಲ್ಲಾಂದ್ರ ಸುಮ್ಮ ಕುಂತು ಎದ್ದು ಬಾ.”

ಉರುಕುಂದಪ್ಪ ಹೋಗಲಿಲ್ಲ. ಅಪ್ಪನ ಎದುರು ಗಾದಿಯ ಮೇಲೆ ಕೂತು, ಅಪ್ಪನದೇ ಟುವಾಲು ಎಳೆದು ಅಪ್ಪನ ಕೈ ಮೇಲೆ ಹೊದಿಸಿದ.

ಅಂಗಡಿಯಲ್ಲಿ ಗದ್ದಲ ನಿಂತಿತು. ಟುವಾಲು ಬಿದ್ದ ಮೇಲೆ ಮಾತಾಡಬಾರದು, ಅದು ಬಜಾರಿನ ಕಟ್ಟಳೆ.

ಒಳಗೆ ಅಪ್ಪ ಒಂದು ಬೆರಳು ಕೊಟ್ಟ. ಇನ್ನು ಒಂದೇ ಸಲ ಬರಿ ಎಂದರ್ಥ. ಮಗ ಅದನ್ನು ಮಡಚಿದ. ಅಪ್ಪ ಸಿಟ್ಟಿನಿಂದ ಮತ್ತೆ ಚಾಚಿದ. ಮಗ ಮತ್ತೆ ಮಡಚಿದ. ಆಮೇಲೆ ಮೆಲ್ಲಗೆ, ತಣ್ಣಗಿನ ಕಬ್ಬಿಣದ ಬೀಗದ ಕೈಯನ್ನು ಅಪ್ಪನ ಅಂಗೈಯಲ್ಲಿಟ್ಟು, ಎರಡೂ ಕೈಯಿಂದ, ಗಬಕ್ಕನೆ, ಬಿಡದ ಹಾಗೆ ಹಿಡಿದುಕೊಂಡ. ಬಾಗಿ ಕಿವಿಯಲ್ಲಿ ಅಂದ, “ಹೆಡ್‌ಮಾಸ್ತರ ಕೊಟ್ಟಾರ.”

ಮೂವತ್ತು ವರ್ಷ ಬೆರಳು ಓದಿದ ಕೈ ಅದು. ಕಬ್ಬಿಣವನ್ನು ಯಾರ ಅಂಗೈಯಲ್ಲಿ, ಯಾವಾಗ ಇಡುತ್ತಾರೆ ಎಂದು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ರೇವಣಸಿದ್ದಯ್ಯನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಕತ್ತು. ಮಗ ಹಿಡಿತ ಸಡಿಲಿಸಲಿಲ್ಲ. ತುಸು ಹೊತ್ತಿನ ಮೇಲೆ ಆ ಒಂದು ಬೆರಳು ತಾನಾಗಿಯೇ ಮಡಚಿಕೊಂಡಿತು.

ಟುವಾಲು ಕೊಡವುವ ಮೊದಲು ಬೀಗದ ಕೈ ಅಪ್ಪನ ಅಂಗಿಯ ತೋಳಿನೊಳಗೆ ಸೇರಿತ್ತು. ಆ ಚಳಕವೂ ಮೂವತ್ತು ವರ್ಷದ್ದೇ.

“ಏನಾತ್ರಿ ಯಜಮಾನ್ರ?” ಎಂದ ಒಬ್ಬ ರೈತ.

ರೇವಣಸಿದ್ದಯ್ಯ ಟುವಾಲನ್ನು ಹೆಗಲಿಗೇರಿಸಿದ. “ಏನಾಗೋದು? ಹೆಡ್‌ಮಾಸ್ತರ ನಲವತ್ತಕ್ಕ ಒಪ್ಪಿದ್ರೂ ಕಾಲೇಜಿನೋರು ಭಾಳ ಬಿಗಿ ಹಿಡದಾರ. ದರ ಕುದರಲಿಲ್ಲ. ಮಾಲು ವಾಪಸ್ ತಂದೀನಿ. ಲೇ, ಆ ಕೋಟು ತಗದು ಆಕಡಿ ಇಡು, ಬಂಡಿ ಇಳಸಾಕ ನಡಿ.”

ಬಜಾರು ತಲೆದೂಗಿತು. ನಪಾಸಾದವನನ್ನು ಅದು ಹತ್ತು ವರ್ಷ ಆಡಿಕೊಂಡೀತು, ದರ ಕುದುರದೆ ಎದ್ದು ಬಂದವನನ್ನು ಆಡಿಕೊಳ್ಳುವ ರೂಢಿ ಅದಕ್ಕಿಲ್ಲ. ವೀರಬಸಮ್ಮ ಕೋಟನ್ನು ಕತ್ತರಿಸಿ ಎರಡು ಕೈಚೀಲ ಹೊಲಿದಳು. ಕಾಲೇಜು ಎಂಬ ಹೆಸರು ಮಾತ್ರ ಉರುಕುಂದಪ್ಪನನ್ನು ಬಿಡಲಿಲ್ಲ. ಮುಂದೆ ಅವನ ಮಕ್ಕಳಿಗೂ ಕಾಲೇಜಿನೋರ ಹುಡುಗರು ಎಂದೇ ಹೆಸರಾಯಿತು.

ಹೆಡ್‌ಮಾಸ್ತರರು ಇನ್ನೂ ಎರಡು ವರ್ಷ ಆದೋನಿಯಲ್ಲಿದ್ದರು. ಪೇಟೆಯಲ್ಲಿ ರೇವಣಸಿದ್ದಯ್ಯ ಎದುರಾದಾಗಲೆಲ್ಲ ಅವರು ಕನಿಕರದಿಂದ ಜೇಬಿಗೆ ಕೈಹಾಕಿ ಬೀಗದ ಕೈ ಗೊಂಚಲನ್ನು ಹೊರತೆಗೆದು ಸಿದ್ಧವಾಗಿ ನಿಲ್ಲುತ್ತಿದ್ದರು. ರೇವಣಸಿದ್ದಯ್ಯ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಓಣಿಯ ಆಚೆ ಬದಿಯಿಂದ ಸರಸರನೆ ದಾಟಿಹೋಗುತ್ತಿದ್ದ.