ಅಂಚು ಕತ್ತರಿಸಬೇಡ ಅಂದವರು

ಅಂಕಲ್ ಕೊರಳಲ್ಲಿ ಶೂ ಲೇಸಿಗೆ ಕಟ್ಟಿದ ಭೂತಗನ್ನಡಿಯೊಂದು ಸದಾ ತೂಗುತ್ತಿತ್ತು. ಊಟಕ್ಕೆ ಬಗ್ಗಿದರೆ ಸಾರಿನಲ್ಲಿ ಅದ್ದುತ್ತಿತ್ತು. ಅದನ್ನು ಅಂಗಿಯಲ್ಲೇ ಒರೆಸಿಕೊಂಡು, ನಾನು ಸ್ಕ್ಯಾನ್ ಮಾಡಿದ ಫೋಟೋಗಳಲ್ಲಿ ತಪ್ಪು ಹುಡುಕಲು ಕೂರುತ್ತಿದ್ದರು. ನನಗೆ ತಲೆಚಿಟ್ಟು ಹಿಡಿಯುತ್ತಿತ್ತು.

ಆಗ ನಾನು ಅಮೆರಿಕದ ನಾರ್ತ್‌ರಿಜ್‌ನಲ್ಲಿ ಎಂ.ಎ. ಓದುತ್ತಾ, ಲೈಬ್ರರಿಯಲ್ಲಿ ಹಳೆಯ ಪತ್ರಿಕಾ ಫೋಟೋಗಳ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕಿದ್ದೆ. ಮೈಸೂರು ಕಡೆಯ ಈ ಅಂಕಲ್ ಹಿಂದೆ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದರ, ಫೋಟೋ ತೊಳೆಯುವ ಡಾರ್ಕ್‌ರೂಮಿನಲ್ಲಿದ್ದವರು. ನಿವೃತ್ತರಾದ ಮೇಲೆ ಸಂಬಳವಿಲ್ಲದೆ ನನ್ನ ಪ್ರಾಣ ಹಿಂಡಲು ಬರುತ್ತಿದ್ದರು. "ಅಂಚು ಕತ್ತರಿಸ್ಬೇಡಮ್ಮಾ" ಎಂದು ದಿನಕ್ಕೆ ಹತ್ತು ಸಲ ಹೇಳಿಸಿಕೊಂಡಿದ್ದೇನೆ.

ಕಾರಣ ಒಂದು ಫೋಟೋ. ಕಪ್ಪು ಮಕ್ಕಳನ್ನು ಬಸ್ಸಿನಲ್ಲಿ ಬಿಳಿಯರ ಶಾಲೆಗಳಿಗೆ ಕಳಿಸತೊಡಗಿದ ಕಾಲದ್ದು. ಅದನ್ನು ವಿರೋಧಿಸಿ ಕೂಗಾಡುವ ಬಿಳಿಯರ ಗುಂಪಿನ ಮುಂದೆ ಒಬ್ಬಳೇ ನಡೆಯುವ ಕಪ್ಪು ಹುಡುಗಿಯನ್ನು ಪತ್ರಿಕೆಯಲ್ಲಿ ನೋಡಿ ಎಷ್ಟೋ ಜನರ ಮನಸ್ಸು ಕರಗಿತಂತೆ. ಆದರೆ ಅವಳು ಒಬ್ಬಳೇ ಇರಲಿಲ್ಲ. ಬಿಳಿ ಹುಡುಗಿಯೊಬ್ಬಳು ಅವಳ ಕೈ ಹಿಡಿದು ಜೊತೆಗೆ ನಡೆದಿದ್ದಳು. ಸಂಪಾದಕರು ಹೇಳಿದ್ದಕ್ಕೆ ಆ ಹುಡುಗಿಯನ್ನು ಕತ್ತರಿಸಿ ತೆಗೆದವರು ಅಂಕಲ್.

"ಒಂಟಿ ಮಾಡಿದ್ರಿಂದ್ಲೇ ತಾನೇ ಜನಕ್ಕೆ ತಟ್ಟಿದ್ದು? ಹೋರಾಟಕ್ಕೆ ಒಳ್ಳೇದೇ ಆಯ್ತಲ್ಲ ಅಂಕಲ್?" ಎಂದೆ.

"ಆಯ್ತು. ಆದ್ರೆ ಮಕ್ಕಳು ಒಟ್ಟಿಗೆ ಓದ್ಬೇಕು ಅಂತ ತಾನೇ ಹೋರಾಟ? ಒಟ್ಟಿಗೆ ನಡೀತಿದ್ದೋರನ್ನೇ ಬೇರೆ ಮಾಡ್ಬಿಟ್ನಲ್ಲಮ್ಮಾ."

ಲೈಬ್ರರಿಯ ಫೋಟೋ ಪ್ರದರ್ಶನದಲ್ಲಿ ಆ ಪೂರ್ತಿ ಚಿತ್ರ ಹಾಕಿಸಲು ವರ್ಷವಿಡೀ ಓಡಾಡಿದರು. ಜಾಣೆಯಾದ ನಾನು ಪ್ರಿಂಟಿಗೆ ಕಳಿಸುವಾಗ, ಅಂಚು ಸೊಟ್ಟಗಿದೆಯೆಂದು ಅಭ್ಯಾಸಬಲದಿಂದ ಕತ್ತರಿಸಿ ನೀಟು ಮಾಡಿದ್ದೆ. ಗೋಡೆಯ ಮೇಲೆ ಆ ಬಿಳಿ ಹುಡುಗಿಯ ಬೆರಳುಗಳಷ್ಟೇ ಉಳಿದಿದ್ದವು. ಅಂಕಲ್ ಭೂತಗನ್ನಡಿ ಎತ್ತಿ ನೋಡಿದರು. "ಬೆರಳಾದ್ರೂ ಬಿಟ್ಟಿದ್ದೀಯ. ನಾನು ಅದನ್ನೂ ಬಿಟ್ಟಿರ್ಲಿಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮರುದಿನವೇ ಹೊಸ ಪ್ರಿಂಟ್ ಹಾಕಿಸಿದೆ.

ಕಳೆದ ವರ್ಷ ಅಂಕಲ್ ತೀರಿಕೊಂಡರು. ಕಾರ್ಮೆಲ್ ವ್ಯಾಲಿಯಿಂದ ಅವರ ಮಗಳು ಫೋನ್ ಮಾಡಿದರು. "ಅಪ್ಪಂದು ರೀಸೆಂಟ್ ಫೋಟೋ ಒಂದೂ ಇಲ್ಲ. ನಿಮ್ಮ ಹತ್ರ ಇದ್ರೆ, ಪಕ್ಕದವರನ್ನ ಕ್ರಾಪ್ ಮಾಡಿ ಕಳಿಸ್ತೀರಾ?" ಇದ್ದದ್ದು ಒಂದೇ, ಪಕ್ಕದಲ್ಲಿ ಕೂತ ನನ್ನತ್ತ ಕೈ ತೋರಿಸಿ ಬೈಯುತ್ತಿದ್ದದ್ದು. ಅರ್ಧ ಗಂಟೆ ಮೌಸ್ ಹಿಡಿದು ಕೂತೆ. ಆಗಲಿಲ್ಲ. ಪೂರ್ತಿ ಚಿತ್ರವನ್ನೇ ಕಳಿಸಿ, ಯಾಕೆಂದೂ ಬರೆದೆ.

ವೈಕುಂಠ ಸಮಾರಾಧನೆಯ ದಿನ ಹೋದರೆ, ಗಂಧದ ಹಾರ ಹಾಕಿದ ಚೌಕಟ್ಟಿನೊಳಗೆ ಅಂಕಲ್ ಜೊತೆ ನಾನೂ ಇದ್ದೆ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ನನ್ನ ಅಮ್ಮ, "ಬದುಕಿರೋರ ಫೋಟೋಗೆ ಹಾರ ಹಾಕ್ತಾರೇನೇ? ಮೊದ್ಲು ನಿನ್ನನ್ನ ಕತ್ತರಿಸಿ ತೆಗೆಯೋಕೆ ಹೇಳು!" ಎಂದು ಊರಿನಿಂದಲೇ ಕೂಗಾಡಿದಳು.

ನಾನು ಹೇಳಲಿಲ್ಲ. ಅಂಕಲ್ ಕೈಲಿ ಬೈಸಿಕೊಳ್ಳುತ್ತಾ ಇವತ್ತಿಗೂ ಆ ಚೌಕಟ್ಟಿನಲ್ಲೇ ಇದ್ದೇನೆ.